ಕಾಯಬೇಕೋ, ಕರೆ ಮಾಡಬೇಕೋ, ಈಗಲೇ ಹೊರಡಬೇಕೋ: ಬಸಿರಿನಲ್ಲಿ ವೈದ್ಯರ ನೆರವು ಪಡೆಯುವ ದಾರಿಗಳ ಹೋಲಿಕೆ

ಗರ್ಭಿಣಿಗೆ ಏನಾದರೂ ತೊಂದರೆ ಕಾಣಿಸಿದಾಗ ಮನೆಯವರ ಮುಂದಿರುವುದು ನಾಲ್ಕೇ ದಾರಿ. ಮನೆಯಲ್ಲೇ ಗಮನಿಸಿ ಮುಂದಿನ ತಪಾಸಣೆಯಲ್ಲಿ ಹೇಳುವುದು, ಫೋನ್ ಮಾಡಿ ಕೇಳುವುದು, ಅದೇ ದಿನ ಹೋಗಿ ತೋರಿಸುವುದು, ಇಲ್ಲವೇ ಕೈಯಲ್ಲಿದ್ದ ಕೆಲಸ ಬಿಟ್ಟು ಈಗಲೇ ಆಸ್ಪತ್ರೆಗೆ ಹೊರಡುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಬಸಿರು ಮತ್ತು ಹೆರಿಗೆಗೆ ಸಂಬಂಧಿಸಿದ ಕಾರಣಗಳಿಂದ ಸುಮಾರು 2,60,000 ಮಹಿಳೆಯರು ತೀರಿಕೊಂಡರು. ಇವುಗಳಲ್ಲಿ ಬಹುಪಾಲು ತಡೆಯಬಹುದಾಗಿದ್ದ ಸಾವುಗಳು. ಇಂಥ ಸಾವುಗಳ ಹಿಂದೆ ಮೂರು ತಡಗಳಿರುತ್ತವೆ ಎಂದು ತಜ್ಞರು ಗುರುತಿಸಿದ್ದಾರೆ: ಹೋಗಬೇಕೆಂದು ತೀರ್ಮಾನಿಸುವಲ್ಲಿ ತಡ, ಆಸ್ಪತ್ರೆ ತಲುಪುವಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವಲ್ಲಿ ತಡ. ಎರಡನೆಯದೂ ಮೂರನೆಯದೂ ರಸ್ತೆ, ವಾಹನ, ಆಸ್ಪತ್ರೆಗಳ ಮೇಲೆ ನಿಂತಿವೆ. ಮೊದಲನೆಯದನ್ನು ಮಾತ್ರ ಮನೆಯಲ್ಲೇ ಕಡಿಮೆ ಮಾಡಬಹುದು. ಈ ಬರಹ ಅದರ ಬಗ್ಗೆ.

ದಾರಿ ಆರಿಸುವ ಮೂರು ಪ್ರಶ್ನೆಗಳು

ಲಕ್ಷಣದ ಹೆಸರೊಂದನ್ನೇ ಹಿಡಿದು ದಾರಿ ಆರಿಸಲಾಗದು. ಹೊಟ್ಟೆನೋವು ಎಂಬ ಒಂದೇ ಮಾತಿನ ಹಿಂದೆ ಅಜೀರ್ಣವೂ ಇರಬಹುದು, ಗರ್ಭನಾಳದಲ್ಲಿ ನಿಂತ ಬಸಿರೂ ಇರಬಹುದು, ಮಾಸು (ಮಗುವಿಗೆ ಆಹಾರ, ಆಮ್ಲಜನಕ ಒದಗಿಸುವ ಪ್ಲಾಸೆಂಟಾ) ಬೇರ್ಪಡುತ್ತಿರುವ ಅಪಾಯವೂ ಇರಬಹುದು. ಆದ್ದರಿಂದ ಮೂರು ಪ್ರಶ್ನೆ ಕೇಳಿಕೊಳ್ಳಿ. ಈಗ ಎಷ್ಟನೇ ವಾರ? ಇದರ ಜೊತೆಗೆ ಇನ್ನೇನಿದೆ? ಹೊತ್ತು ಕಳೆದಂತೆ ಏರುತ್ತಿದೆಯೋ, ಇಳಿಯುತ್ತಿದೆಯೋ?

ವಾರ ಬಹಳ ಮುಖ್ಯ. ಎಂಟನೇ ವಾರದ ಸೊಂಟನೋವು ಹೆಚ್ಚಾಗಿ ಫೋನಿನಲ್ಲಿ ಕೇಳಬಹುದಾದ ವಿಷಯ. ಮೂವತ್ತನೇ ವಾರದಲ್ಲಿ ಬಿಟ್ಟು ಬಿಟ್ಟು ಬರುವ ಸೊಂಟನೋವು ಅವಧಿಗೆ ಮುಂಚಿನ ಹೆರಿಗೆಯ ಸೂಚನೆಯಿರಬಹುದು. ಜೊತೆಗಿರುವ ಲಕ್ಷಣ ದಾರಿಯನ್ನು ಒಮ್ಮೆಲೇ ಬದಲಿಸುತ್ತದೆ: ಬರಿಯ ವಾಂತಿಗೂ ಜ್ವರ, ನಡುಕದ ಜೊತೆ ಬಂದ ವಾಂತಿಗೂ ತುಂಬ ಅಂತರವಿದೆ.

ಎರಡು ದಾರಿಗಳ ನಡುವೆ ಮನಸ್ಸು ತೂಗುತ್ತಿದ್ದರೆ ಹೆಚ್ಚು ತುರ್ತಿನದನ್ನೇ ಆರಿಸಿ. ಸುಮ್ಮನೆ ಹೋಗಿ ಬಂದರೆ ಹೋಗುವುದು ಕೆಲವು ಗಂಟೆ, ಒಂದಿಷ್ಟು ದಣಿವು. ಹೋಗಬೇಕಾದಾಗ ಹೋಗದಿದ್ದರೆ ಆಗುವ ನಷ್ಟವನ್ನು ಮರಳಿ ತುಂಬಲಾಗದು. ಹೆರಿಗೆ ವಾರ್ಡಿನವರಿಗೆ ಏನೂ ಇಲ್ಲದೆ ಬಂದವರನ್ನು ನೋಡಿ ಕಳಿಸುವುದು ದಿನನಿತ್ಯದ ಕೆಲಸ. ಅದಕ್ಕೆ ಸಂಕೋಚ ಪಡಬೇಕಿಲ್ಲ.

ನಾಲ್ಕು ದಾರಿಗಳು, ಅವುಗಳ ಮಿತಿಗಳು

ಮನೆಯಲ್ಲೇ ಗಮನಿಸುವುದು ಸರಿಯಾಗುವುದು ನಿಧಾನವಾಗಿ ಬಂದ, ಒಂದೇ ಮಟ್ಟದಲ್ಲಿರುವ, ಮೊದಲೇ ವೈದ್ಯರಿಗೆ ಹೇಳಿ ಧೈರ್ಯ ಪಡೆದಿರುವ ತೊಂದರೆಗಳಿಗೆ: ಬೆಳಗಿನ ವಾಕರಿಕೆ, ಎದೆಯುರಿ, ಮಲಬದ್ಧತೆ, ಪದೇ ಪದೇ ಮೂತ್ರಕ್ಕೆ ಹೋಗುವುದು, ಸಂಜೆ ಊದಿ ಬೆಳಗ್ಗೆ ಇಳಿಯುವ ಪಾದ. ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಬರೆದಿಟ್ಟುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ ಬಸಿರಿನಲ್ಲಿ ಕನಿಷ್ಠ 8 ಭೇಟಿಗಳನ್ನು ಶಿಫಾರಸು ಮಾಡಿದೆ: ಮೊದಲನೆಯದು 12 ವಾರದೊಳಗೆ, ಆಮೇಲೆ 20, 26, 30, 34, 36, 38 ಮತ್ತು 40ನೇ ವಾರಗಳಲ್ಲಿ. ಮೊದಮೊದಲ ಭೇಟಿಗಳ ನಡುವೆ ಆರರಿಂದ ಎಂಟು ವಾರಗಳ ಅಂತರವಿರುವುದನ್ನು ಗಮನಿಸಿ. "ಮುಂದಿನ ಸಲ ಹೇಳಿದರಾಯಿತು" ಎನ್ನುವ ಮೊದಲು ಆ ಮುಂದಿನ ಸಲ ಯಾವಾಗ ಎಂದು ಕಾರ್ಡಿನಲ್ಲಿ ನೋಡಿ.

ಫೋನ್ ಒಳ್ಳೆಯ ಸಾಧನ. ಆದರೆ ಅದು ಬಿಪಿ ನೋಡದು, ಮಗುವಿನ ಎದೆಬಡಿತ ಕೇಳದು, ಹೊಟ್ಟೆ ಮುಟ್ಟಿ ನೋಡದು. ಯಾವ ದಾರಿ ಹಿಡಿಯಬೇಕೆಂದು ತಿಳಿಯಲು ಫೋನ್ ಮಾಡಿ; ತಪಾಸಣೆಯ ಬದಲಿಗೆ ಅಲ್ಲ. ಮೊಬೈಲಿನಲ್ಲಿ ಸಂದೇಶ ಕಳಿಸಿ ಉತ್ತರಕ್ಕೆ ಕಾದು ಕೂರುವುದನ್ನು ಕರೆ ಮಾಡಿದಂತೆ ಎಂದುಕೊಳ್ಳಬೇಡಿ. ವೈದ್ಯರು ಶಸ್ತ್ರಕ್ರಿಯೆಯಲ್ಲಿದ್ದರೆ ಆ ಸಂದೇಶ ತೆರೆಯುವುದು ಗಂಟೆಗಳ ನಂತರ. ಎರಡು ಸಲ ಕರೆ ಮಾಡಿದರೂ ಯಾರೂ ಎತ್ತದಿದ್ದರೆ ಆಸ್ಪತ್ರೆಯ ಹೆರಿಗೆ ವಾರ್ಡಿಗೇ ಕರೆ ಮಾಡಿ, ಅದೂ ಸಿಗದಿದ್ದರೆ ಹೊರಡಿ. ಈಗಲೇ ಹೊರಡಬೇಕಾದ ಲಕ್ಷಣವಿದ್ದರೆ ಫೋನ್ ದಾರಿಯಲ್ಲಿ ಮಾಡಿದರೆ ಸಾಕು.

ಅದೇ ದಿನ ಎಂದರೆ ಹೊರರೋಗಿ ವಿಭಾಗ ತೆರೆದಿರುವ ಹೊತ್ತಿಗೆ ಎಂದಲ್ಲ. ರಾತ್ರಿ ಒಂಬತ್ತಕ್ಕೆ ಚಳಿಜ್ವರ ಏರಿದರೆ ಆ ರಾತ್ರಿಯೇ ಹೋಗಬೇಕು.

ಈಗಲೇ ಹೊರಡಬೇಕಾದವು ಇವು: ಪ್ಯಾಡ್ ನೆನೆಯುವಂಥ ರಕ್ತಸ್ರಾವ, 20 ವಾರದ ನಂತರದ ಯಾವುದೇ ಕೆಂಪು ರಕ್ತ, ತಲೆಸುತ್ತಿ ಬೀಳುವುದು, ಫಿಟ್ಸ್, ಕಣ್ಣು ಮಂಜಾಗುವ ತಲೆನೋವು, ಎದೆನೋವು ಅಥವಾ ಏಕಾಏಕಿ ಉಸಿರುಗಟ್ಟುವುದು, ಬಿಡುವಿಲ್ಲದ ತೀವ್ರ ಹೊಟ್ಟೆನೋವು, ಮಗು ಅಲುಗದಿರುವುದು, ಹೊಕ್ಕುಳಬಳ್ಳಿ ಹೊರಗೆ ಕಾಣುವುದು, 37 ವಾರಕ್ಕೆ ಮುಂಚೆ ನೀರು ಹೋಗುವುದು ಅಥವಾ ಹೆರಿಗೆ ನೋವು.

ರಕ್ತ ಕಂಡಾಗ

ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸುತ್ತದೆ. ಅವರಲ್ಲಿ ಅನೇಕರ ಬಸಿರು ಚೆನ್ನಾಗಿಯೇ ಮುಂದುವರಿಯುತ್ತದೆ. ಒಳಉಡುಪಿನಲ್ಲಿ ಒಂದೆರಡು ಕಂದು ಕಲೆ, ನೋವಿಲ್ಲ, ಸುಸ್ತಿಲ್ಲ ಎಂದಾದರೆ ಅದೇ ದಿನ ಫೋನ್ ಮಾಡಿ ಯಾವಾಗ ಸ್ಕ್ಯಾನ್ ಮಾಡಿಸಬೇಕೆಂದು ಕೇಳಿ. ಕೆಂಪು ರಕ್ತ ಹೋಗುತ್ತಿದೆ, ಮುಟ್ಟಿನ ನೋವಿನಂಥ ನೋವೂ ಇದೆ ಎಂದಾದರೆ ಅದೇ ದಿನ ಹೋಗಬೇಕು. ಗಂಟೆಗೆ ಒಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಹೆಪ್ಪುಗಳು ಬೀಳುತ್ತಿದ್ದರೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿದ್ದರೆ ಈಗಲೇ ಹೊರಡಬೇಕು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಬಸಿರು ಗರ್ಭಕೋಶದ ಬದಲು ಗರ್ಭನಾಳದಲ್ಲಿ ನಿಂತಿದ್ದರೆ ಅದು ಬೆಳೆದು ನಾಳ ಒಡೆಯಬಹುದು, ರಕ್ತ ಹೊಟ್ಟೆಯೊಳಗೆ ತುಂಬಿಕೊಳ್ಳಬಹುದು. ಹೊರಗೆ ಕಾಣುವುದು ಎರಡು ಹನಿ ಮಾತ್ರ ಇರಬಹುದು, ಏನೂ ಇಲ್ಲದೆಯೂ ಇರಬಹುದು. ಹೆಚ್ಚಾಗಿ ಆರರಿಂದ ಎಂಟನೇ ವಾರದ ಹೊತ್ತಿಗೆ ಇದರ ಲಕ್ಷಣಗಳು ತೋರುತ್ತವೆ: ಕಿಬ್ಬೊಟ್ಟೆಯ ಒಂದೇ ಪಕ್ಕದಲ್ಲಿ ನೋವು, ತಲೆಸುತ್ತು, ಮಲಕ್ಕೆ ಹೋಗಬೇಕೆನಿಸುವ ಒತ್ತಡ, ಭುಜದ ತುದಿಯಲ್ಲಿ ನೋವು. ಹೊಟ್ಟೆಯೊಳಗಿನ ರಕ್ತ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುವುದರಿಂದ ಭುಜ ನೋಯುತ್ತದೆ. ಹೊಟ್ಟೆಗೂ ಭುಜಕ್ಕೂ ಏನು ಸಂಬಂಧ ಎಂದು ಇದನ್ನು ತಳ್ಳಿಹಾಕಬಾರದು. ಬಸಿರು ಗರ್ಭಕೋಶದ ಒಳಗೇ ಇದೆ ಎಂದು ಸ್ಕ್ಯಾನ್ ತೋರಿಸುವವರೆಗೆ ಈ ಲಕ್ಷಣಗಳು ತುರ್ತು. ಮುಟ್ಟು ತಪ್ಪಿದ ಯಾವ ಹೆಣ್ಣಿಗಾದರೂ ಇದು ಅನ್ವಯಿಸುತ್ತದೆ, ಆಕೆ ಇನ್ನೂ ಪರೀಕ್ಷೆ ಮಾಡಿಸಿಕೊಂಡಿರದಿದ್ದರೂ ಕೂಡ.

ಬಸಿರಿನ ಎರಡನೇ ಅರ್ಧದಲ್ಲಿ ಲೆಕ್ಕವೇ ಬೇರೆ. ಮಾಸು ಕೆಳಗಿಳಿದು ಗರ್ಭಕೋಶದ ಬಾಯಿಯನ್ನು ಮುಚ್ಚಿದ್ದರೆ ನೋವೇ ಇಲ್ಲದೆ ಅಚ್ಚ ಕೆಂಪು ರಕ್ತ ಹೋಗುತ್ತದೆ. ಒಮ್ಮೆ ತಾನಾಗಿ ನಿಂತರೂ ಮುಂದಿನ ಸಲ ಧಾರಾಕಾರವಾಗಬಹುದು. ಮಾಸು ಅಕಾಲದಲ್ಲಿ ಗೋಡೆಯಿಂದ ಬಿಟ್ಟುಕೊಂಡರೆ ಬಿಡುವಿಲ್ಲದ ನೋವು ಇರುತ್ತದೆ, ಹೊಟ್ಟೆ ಹಲಗೆಯಂತೆ ಗಟ್ಟಿಯಾಗುತ್ತದೆ. ರಕ್ತ ಮಾಸಿನ ಹಿಂದೆಯೇ ಉಳಿದು ಹೊರಗೆ ಕಡಿಮೆ ಕಾಣಬಹುದು. ಇವೆರಡರಲ್ಲಿ ಯಾವುದೆಂದು ಮನೆಯಲ್ಲಿ ಬಿಡಿಸಬೇಕಿಲ್ಲ. ಎರಡಕ್ಕೂ ದಾರಿ ಒಂದೇ: ಶಸ್ತ್ರಕ್ರಿಯೆ ಮತ್ತು ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆ. ಮಾಸು ಎಲ್ಲಿದೆಯೆಂದು ಸ್ಕ್ಯಾನಿನಲ್ಲಿ ತಿಳಿಯುವವರೆಗೆ ಕೈಹಾಕಿ ಒಳಪರೀಕ್ಷೆ ಮಾಡಬಾರದು, ಏಕೆಂದರೆ ಕೆಳಗಿರುವ ಮಾಸಿಗೆ ಬೆರಳು ತಾಗಿದರೆ ರಕ್ತ ಉಕ್ಕುತ್ತದೆ. ಹಿಂದಿನ ಸ್ಕ್ಯಾನಿನಲ್ಲಿ "ಮಾಸು ಕೆಳಗಿದೆ" ಎಂದಿದ್ದರೆ ಆಸ್ಪತ್ರೆಯ ಬಾಗಿಲಲ್ಲೇ ಅದನ್ನು ಹೇಳಿ.

ದಿನ ತುಂಬಿದ ಮೇಲೆ ಲೋಳೆಯ ಜೊತೆ ಬೆರೆತು ಬರುವ ನಸುಗೆಂಪು ಅಂಟುದ್ರವ ಹೆರಿಗೆ ಹತ್ತಿರವಾದುದರ ಗುರುತು, ಅದಕ್ಕೆ ಫೋನ್ ಸಾಕು. ಲೋಳೆಯಿಲ್ಲದೆ ಬರಿಯ ರಕ್ತ ಹರಿದರೆ ಸಾಲದು, ಹೊರಡಬೇಕು.

ರಕ್ತದ ಗುಂಪು ನೆಗೆಟಿವ್ ಆಗಿರುವವರಿಗೆ ಇನ್ನೊಂದು ಕಾರಣವೂ ಇದೆ. ಮಗುವಿನ ರಕ್ತ ತಾಯಿಯ ರಕ್ತಕ್ಕೆ ಸೇರಿದರೆ ಮುಂದಿನ ಬಸಿರಿಗೆ ಕುತ್ತಾಗುವ ಪ್ರತಿಕಾಯಗಳು ಹುಟ್ಟಬಹುದು. ಅದನ್ನು ತಡೆಯುವ ಆಂಟಿ-ಡಿ ಚುಚ್ಚುಮದ್ದನ್ನು 72 ಗಂಟೆಯೊಳಗೆ ಕೊಡಬೇಕು. ಬೇಕೋ ಬೇಡವೋ ಎಂಬುದನ್ನು ವಾರ ನೋಡಿ ವೈದ್ಯರು ನಿರ್ಧರಿಸುತ್ತಾರೆ. ಹೊಟ್ಟೆಗೆ ಪೆಟ್ಟು ಬಿದ್ದಾಗಲೂ ಇದೇ ಮಾತು.

ಹೊರಡುವಾಗ ಪ್ಯಾಡ್ ಮಾತ್ರ ಇಟ್ಟುಕೊಳ್ಳಿ, ಒಳಗೆ ಬಟ್ಟೆ ಅಥವಾ ಹತ್ತಿ ತುರುಕಬೇಡಿ. ನೆನೆದ ಪ್ಯಾಡುಗಳನ್ನು ಚೀಲದಲ್ಲಿ ಹಾಕಿ ಒಯ್ದರೆ ಎಷ್ಟು ರಕ್ತ ಹೋಗಿದೆಯೆಂದು ವೈದ್ಯರೇ ಅಂದಾಜಿಸುತ್ತಾರೆ. ಶಸ್ತ್ರಕ್ರಿಯೆ ಬೇಕಾಗಬಹುದಾದ್ದರಿಂದ ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ.

ತಲೆನೋವು, ಊತ, ಬಿಪಿ

ನಿದ್ದೆಗೆಟ್ಟು ಬಂದ ತಲೆನೋವು ನೀರು ಕುಡಿದು ಮಲಗಿದರೆ, ಒಂದು ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಇಳಿಯುತ್ತದೆ. 20 ವಾರದ ನಂತರ ಬಂದು, ಮಾತ್ರೆಗೂ ಜಗ್ಗದೆ, ಕಣ್ಣ ಮುಂದೆ ಮಿಂಚು ಹೊಡೆದಂತೆ ಅಥವಾ ಮಂಜು ಕವಿದಂತೆ ಮಾಡುವ ತಲೆನೋವು ಬೇರೆಯೇ. ಇದು ಬಸಿರಿನಲ್ಲಿ ಬಿಪಿ ಏರಿಸುವ ಪ್ರಿಎಕ್ಲಾಂಪ್ಸಿಯಾ ಇರಬಹುದು. ಮಾಸಿನಲ್ಲಿ ಹುಟ್ಟುವ ಈ ತೊಂದರೆ ತಾಯಿಯ ಮೈಯ ರಕ್ತನಾಳಗಳನ್ನೆಲ್ಲ ಕೆಡಿಸುತ್ತದೆ. ಹಾಗಾಗಿ ತಲೆ, ಕಣ್ಣು, ಮೂತ್ರಪಿಂಡ, ಯಕೃತ್ತು ಎಲ್ಲಿ ಬೇಕಾದರೂ ಮೊದಲು ಕಾಣಿಸಿಕೊಳ್ಳಬಹುದು.

ಯಕೃತ್ತಿನ ಲಕ್ಷಣವೇ ಹೆಚ್ಚು ಮೋಸ ಮಾಡುವುದು. ಎದೆಗೂಡಿನ ಕೆಳಗೆ, ನಡುವೆ ಅಥವಾ ಬಲಗಡೆ, ಹಿಂಡಿದಂಥ ನೋವು ಬರುತ್ತದೆ, ವಾಂತಿಯಾಗುತ್ತದೆ. ಮನೆಯವರು ಗ್ಯಾಸ್ ಎಂದು ಆಮ್ಲ ಇಳಿಸುವ ಮಾತ್ರೆ ಕೊಡುತ್ತಾರೆ. ಎದೆಯುರಿಯಾದರೆ ಹುಳಿತೇಗು ಇರುತ್ತದೆ, ಮಲಗಿದರೆ ಹೆಚ್ಚುತ್ತದೆ, ಔಷಧಿಗೆ ಇಳಿಯುತ್ತದೆ. ಔಷಧಿಗೆ ಇಳಿಯದ, ಬಲಪಕ್ಕೆಯ ಕೆಳಗೆ ಮುಟ್ಟಿದರೆ ನೋಯುವ ನೋವಾದರೆ ಅದೇ ಗಳಿಗೆ ಬಿಪಿ ನೋಡಿಸಿ.

ಊತದಲ್ಲೂ ವ್ಯತ್ಯಾಸವಿದೆ. ಸಂಜೆ ಎರಡೂ ಪಾದ ಊದಿ ಬೆಳಗ್ಗೆ ಇಳಿದರೆ ಸಾಮಾನ್ಯ. ಬೆಳಗ್ಗೆ ಏಳುವಾಗಲೇ ಮುಖ, ಕಣ್ಣಿನ ಸುತ್ತ, ಬೆರಳುಗಳು ಊದಿ ಉಂಗುರ ಬಿಗಿಯಾದರೆ ಅದೇ ದಿನ ತೋರಿಸಬೇಕು. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅದು ಬಿಪಿಯ ವಿಷಯವಲ್ಲ; ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಸಿರಿನಲ್ಲಿ ಇದು ಹೆಚ್ಚು, ಎಡಗಾಲಿನಲ್ಲಿ ಇನ್ನೂ ಹೆಚ್ಚು. ಉಜ್ಜಬೇಡಿ, ತಿಕ್ಕಬೇಡಿ, ಅದೇ ದಿನ ತೋರಿಸಿ. ಜೊತೆಗೆ ಉಸಿರು ಕಟ್ಟಿದರೆ ಅಥವಾ ಕೆಮ್ಮಿನಲ್ಲಿ ರಕ್ತ ಬಂದರೆ ಹೆಪ್ಪು ಶ್ವಾಸಕೋಶಕ್ಕೆ ಹೋಗಿರಬಹುದು, ಈಗಲೇ ಹೊರಡಿ.

ಮನೆಯಲ್ಲಿ ಬಿಪಿ ಯಂತ್ರವಿದ್ದರೆ ಹೀಗೆ ನೋಡಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಪಟ್ಟಿ ಬರಿಯ ತೋಳಿನ ಮೇಲೆ, ಎದೆಯ ಮಟ್ಟದಲ್ಲಿರಲಿ. ಅಳೆಯುವಾಗ ಮಾತು ಬೇಡ. ಪಟ್ಟಿ ತೋಳಿಗೆ ಚಿಕ್ಕದಾದರೆ ಅಂಕಿ ಸುಳ್ಳೇ ಏರುತ್ತದೆ. ಎಡಮಗ್ಗುಲಲ್ಲಿ ಮಲಗಿ ಮೇಲಿನ ತೋಳಿನಲ್ಲಿ ನೋಡಿದರೆ ಸುಳ್ಳೇ ಇಳಿಯುತ್ತದೆ. "ಮಲಗಿಸಿ ನೋಡಿದಾಗ ಸರಿಯಿತ್ತು" ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಅದೇ ದಿನ ಹೋಗಿ. ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ ಲಕ್ಷಣ ಏನೂ ಇಲ್ಲದಿದ್ದರೂ ಈಗಲೇ ಹೊರಡಿ, ಏಕೆಂದರೆ ಆ ಮಟ್ಟದಲ್ಲಿ ಮೆದುಳಿನ ರಕ್ತನಾಳ ಒಡೆಯುವ ಅಪಾಯವಿದೆ. ಅಂಕಿ ಸರಿಯಿದ್ದರೂ ಮೇಲೆ ಹೇಳಿದ ಲಕ್ಷಣಗಳು ಜೋರಾಗಿದ್ದರೆ ಯಂತ್ರವನ್ನಲ್ಲ, ಲಕ್ಷಣವನ್ನು ನಂಬಿ.

ಫಿಟ್ಸ್ ಬಂದರೆ ಎಡಮಗ್ಗುಲಿಗೆ ತಿರುಗಿಸಿ, ತಲೆ ಬಡಿಯದಂತೆ ಮೆತ್ತಗಿನದೇನಾದರೂ ಇಡಿ, ಗಡಿಯಾರ ನೋಡಿಕೊಳ್ಳಿ. ಬಾಯಿಗೆ ಚಮಚ, ಬೆರಳು, ನೀರು ಯಾವುದನ್ನೂ ಹಾಕಬೇಡಿ. ನಿಂತ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಮತ್ತೆ ಬಾರದಂತೆ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಕೊಡುವುದು ಅಲ್ಲಿಯೇ.

ಮಗುವಿನ ಮಿಸುಕಾಟ ಕಡಿಮೆಯಾದಾಗ

ಮೊದಲ ಮಿಸುಕಾಟ 16ರಿಂದ 24 ವಾರದೊಳಗೆ ತಿಳಿಯುತ್ತದೆ. ಚೊಚ್ಚಲ ಬಸಿರಿನಲ್ಲಿ ಸ್ವಲ್ಪ ತಡ. 24 ವಾರ ಕಳೆದರೂ ಒಮ್ಮೆಯೂ ತಿಳಿಯದಿದ್ದರೆ ತೋರಿಸಿ. 28ನೇ ವಾರದ ಹೊತ್ತಿಗೆ ಪ್ರತಿ ಮಗುವಿಗೂ ತನ್ನದೇ ರೂಢಿ ಇರುತ್ತದೆ. ಒಂದು ಮಗು ರಾತ್ರಿ ಹೆಚ್ಚು ಒದೆಯುತ್ತದೆ, ಇನ್ನೊಂದು ಊಟದ ನಂತರ. ಅಕ್ಕನ ಮಗು ಎಷ್ಟು ಒದೆಯುತ್ತಿತ್ತು ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಈ ಮಗುವಿನ ನಿನ್ನೆ ಮೊನ್ನೆಯ ರೂಢಿಗೂ ಇಂದಿಗೂ ಇರುವ ವ್ಯತ್ಯಾಸವೇ ಅಳತೆ.

"ದಿನ ತುಂಬಿದ ಮೇಲೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ" ಎಂಬ ಮಾತು ತಪ್ಪು, ಅಪಾಯದ್ದೂ ಹೌದು. ಚಲನೆಯ ಬಗೆ ಬದಲಾಗಬಹುದು, ಒದೆತಕ್ಕಿಂತ ಹೊರಳಾಟ ಹೆಚ್ಚಬಹುದು, ಆದರೆ ಅದು ಹೆರಿಗೆಯವರೆಗೂ ಕಡಿಮೆಯಾಗಬಾರದು. ಮಾಸಿನಿಂದ ಬರುವ ಆಮ್ಲಜನಕ ಕಡಿಮೆಯಾದಾಗ ಮಗು ಶಕ್ತಿ ಉಳಿಸಿಕೊಳ್ಳಲು ಅಲುಗಾಟ ಕಡಿಮೆ ಮಾಡುತ್ತದೆ. ಆ ಹಂತದಲ್ಲಿ ಹೋದರೆ ಮಾಡಬಹುದಾದದ್ದು ಬಹಳ ಇದೆ, ಮಾರನೆಯ ದಿನಕ್ಕೆ ಏನೂ ಉಳಿದಿರದೆ ಹೋಗಬಹುದು.

28 ವಾರದ ನಂತರ ಅನುಮಾನ ಬಂದರೆ ಎಡಮಗ್ಗುಲಲ್ಲಿ ಮಲಗಿ, ಟಿವಿ, ಮೊಬೈಲು ಬದಿಗಿಟ್ಟು ಮಿಸುಕಾಟದ ಮೇಲೆ ಗಮನವಿಡಿ. ಎರಡು ಗಂಟೆಯೊಳಗೆ ಹತ್ತು ಸಲ ತಿಳಿಯದಿದ್ದರೆ ಹೊರಡಿ. ಏನೇನೂ ತಿಳಿಯುತ್ತಿಲ್ಲ ಎಂದಾದರೆ ಎಣಿಸಲು ಕೂಡ ಕೂರಬೇಡಿ. ಹತ್ತು ಸಿಕ್ಕರೂ ಎಂದಿನಂತಿಲ್ಲ ಎಂದು ಮನಸ್ಸು ಹೇಳುತ್ತಿದ್ದರೆ ಫೋನ್ ಮಾಡಿ. ಸಿಹಿ ತಿಂದು ನೋಡುವುದು, ತಣ್ಣೀರು ಕುಡಿದು ನೋಡುವುದು ಪರೀಕ್ಷೆಯಲ್ಲ, ಬರಿಯ ತಡ. ಮನೆಯಲ್ಲಿ ಎದೆಬಡಿತ ಕೇಳುವ ಉಪಕರಣ ಇನ್ನೂ ಕೆಟ್ಟದ್ದು. ತಾಯಿಯ ನಾಡಿಯನ್ನೇ ಮಗುವಿನದೆಂದು ಕೇಳಿ ನೆಮ್ಮದಿಪಟ್ಟುಕೊಳ್ಳುವ ಸಾಧ್ಯತೆಯಿದೆ. ಬಡಿತ ಮಗುವಿನದೇ ಆಗಿದ್ದರೂ ಮಗು ಸುಸ್ಥಿತಿಯಲ್ಲಿದೆಯೆಂಬುದಕ್ಕೆ ಅದೊಂದೇ ಸಾಕ್ಷಿಯಾಗದು. ಒಮ್ಮೆ ಪರೀಕ್ಷಿಸಿ ಸರಿಯಿದೆ ಎಂದು ಕಳಿಸಿದ ಮೇಲೆ ಮತ್ತೆ ಕಡಿಮೆಯಾದರೆ ಮತ್ತೆ ಹೋಗಬೇಕು. ಎರಡನೇ ಸಲದ್ದನ್ನು ವೈದ್ಯರು ಇನ್ನೂ ಗಂಭೀರವಾಗಿ ನೋಡುತ್ತಾರೆ.

ನೋವು ಮತ್ತು ನೀರು

ಸುಳ್ಳು ನೋವು ಲಯವಿಲ್ಲದೆ ಬರುತ್ತದೆ, ನಡೆದಾಡಿದರೆ, ನೀರು ಕುಡಿದು ಮಗ್ಗುಲಾದರೆ ಇಳಿಯುತ್ತದೆ. ನಿಜವಾದ ಹೆರಿಗೆ ನೋವು ಏನು ಮಾಡಿದರೂ ನಿಲ್ಲದೆ ಹತ್ತಿರ ಹತ್ತಿರವಾಗುತ್ತದೆ. ಒಂದು ನೋವು ಶುರುವಾದಾಗಿನಿಂದ ಮುಂದಿನದು ಶುರುವಾಗುವವರೆಗಿನ ಹೊತ್ತನ್ನು ಅಳೆಯಿರಿ. ದಿನ ತುಂಬಿದ, ತೊಡಕಿಲ್ಲದ ಚೊಚ್ಚಲ ಹೆರಿಗೆಯಲ್ಲಿ ಐದು ನಿಮಿಷಕ್ಕೊಮ್ಮೆ, ಒಂದು ನಿಮಿಷ ಇರುವಂಥ ನೋವು ಒಂದು ಗಂಟೆ ಮುಂದುವರಿದರೆ ಹೊರಡುವುದು ರೂಢಿಯ ಲೆಕ್ಕ. ಎರಡನೇ ಹೆರಿಗೆ ಬೇಗ ಆಗುತ್ತದೆ, ಅದಕ್ಕಿಂತ ಮುಂಚೆಯೇ ಹೊರಡಿ. ದಾರಿ ದೂರವಿದ್ದರೆ ಇನ್ನೂ ಮುಂಚೆ. ಹಿಂದೆ ಸಿಸೇರಿಯನ್ ಆದವರು ಈ ಲೆಕ್ಕ ಹಿಡಿದು ಮನೆಯಲ್ಲಿ ಕಾಯಬಾರದು: ಹಳೆಯ ಹೊಲಿಗೆ ಬಿಡುವ ಅಪಾಯವಿರುವುದರಿಂದ ನೋವು ಶುರುವಾದೊಡನೆ ಶಸ್ತ್ರಕ್ರಿಯೆಯ ವ್ಯವಸ್ಥೆ ಇರುವಲ್ಲಿಗೆ ಹೋಗಬೇಕು.

37 ವಾರಕ್ಕೆ ಮುಂಚೆ ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿಯುತ್ತಿದ್ದರೆ, ಕೆಳಗೆ ಒತ್ತಿದಂತಾಗುತ್ತಿದ್ದರೆ, ಸೊಂಟದಲ್ಲಿ ಅಲೆಯಂತೆ ನೋವು ಬಂದು ಹೋಗುತ್ತಿದ್ದರೆ ನೋವು ಸಣ್ಣದೆಂದು ಕಾಯಬೇಡಿ. ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಕೊಡುವ ಸ್ಟಿರಾಯ್ಡ್ ಚುಚ್ಚುಮದ್ದು ಹೆಚ್ಚಾಗಿ 24ರಿಂದ 34 ವಾರದೊಳಗೆ ಉಪಯೋಗಕ್ಕೆ ಬರುತ್ತದೆ. ಅದರ ಪೂರ್ಣ ಫಲ ಸಿಗಲು ಸುಮಾರು ಒಂದು ದಿನ ಬೇಕು. ಬೇಗ ಹೋದವರಿಗೆ ಸಿಗುವುದು ಈ ಒಂದು ದಿನ.

ನೀರು ಹೋದ ಅನುಮಾನವಿದ್ದರೆ ಮೂತ್ರ ಮಾಡಿ ಬಂದು ಒಣ ಪ್ಯಾಡ್ ಇಟ್ಟುಕೊಂಡು ಅರ್ಧ ಗಂಟೆ ನೋಡಿ. ಬಿಳಿಸೆರಗು ದಪ್ಪ, ಅಂಟು. ಮೂತ್ರಕ್ಕೆ ಅದರ ವಾಸನೆ ಇರುತ್ತದೆ, ಕೆಮ್ಮಿದಾಗ ಜಿನುಗಿ ನಿಲ್ಲುತ್ತದೆ. ಗರ್ಭದ ನೀರು ತೆಳ್ಳಗೆ, ತಡೆದರೂ ನಿಲ್ಲದೆ ಪ್ಯಾಡ್ ನೆನೆಸುತ್ತದೆ. ದಿನ ತುಂಬಿದ್ದು ನೀರು ತಿಳಿಯಾಗಿದ್ದರೆ ಫೋನ್ ಮಾಡಿ ಅಂದೇ ಹೋಗಿ. ಹಸಿರು ಅಥವಾ ಕಂದು ಬಣ್ಣವಿದ್ದರೆ ಮಗು ಒಳಗೇ ಮಲ ಮಾಡಿದೆ ಎಂದರ್ಥ. ಹಾಗಿದ್ದರೆ, ವಾಸನೆ ಇದ್ದರೆ, ಜ್ವರವಿದ್ದರೆ ಈಗಲೇ. ನೀರು ಹೋದ ಮೇಲೆ ಹೊಕ್ಕುಳಬಳ್ಳಿ ಹೊರಗೆ ಕಂಡರೆ ಮುಟ್ಟಬೇಡಿ, ಒಳಗೆ ತಳ್ಳಬೇಡಿ. ಮಂಡಿ ಮತ್ತು ಎದೆ ನೆಲಕ್ಕೆ ತಾಗುವಂತೆ, ಸೊಂಟ ಮೇಲಿರುವಂತೆ ಬಾಗಿಸಿ ಆಂಬುಲೆನ್ಸಿಗೆ ಕರೆ ಮಾಡಿ. ವಾಹನದಲ್ಲಿ ಎಡಮಗ್ಗುಲಲ್ಲಿ ಮಲಗಿಸಿ ಸೊಂಟದ ಕೆಳಗೆ ದಿಂಬು ಕೊಡಿ, ಮಗುವಿನ ತಲೆ ಬಳ್ಳಿಯನ್ನು ಒತ್ತದಿರಲಿ.

ಚಿಕ್ಕದೆಂದು ತೋರುವ ಉಳಿದವು

ವಾಂತಿ: 24 ಗಂಟೆ ಏನೂ ಉಳಿಯದಿದ್ದರೆ, ಎಂಟು ಗಂಟೆ ಮೂತ್ರವಾಗದಿದ್ದರೆ, ಬಸಿರಿಗೆ ಮುಂಚಿನ ತೂಕದ ನೂರಕ್ಕೆ ಐದರಷ್ಟು ಇಳಿದಿದ್ದರೆ ಅದೇ ದಿನ ಹೋಗಿ. ಬಹುದಿನ ವಾಂತಿಯಾದವರಿಗೆ ಗ್ಲೂಕೋಸ್ ಏರಿಸುವ ಮೊದಲು ಬಿ1 ವಿಟಮಿನ್ ಕೊಡಬೇಕು, ಇಲ್ಲದಿದ್ದರೆ ಮೆದುಳಿಗೆ ಹಾನಿಯಾಗಬಹುದು. ಎಷ್ಟು ದಿನದಿಂದ ವಾಂತಿ ಎಂದು ಸ್ಪಷ್ಟವಾಗಿ ಹೇಳಿ.

ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ ಅದೇ ದಿನ. ಉರಿಮೂತ್ರ ಮಾತ್ರ ಇದ್ದರೂ ಅದೇ ದಿನ ಮೂತ್ರ ಪರೀಕ್ಷೆ ಮಾಡಿಸಿ. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಬೆನ್ನಿನ ಪಕ್ಕೆಯಲ್ಲಿ ನೋವು, ನಡುಕ, ಜ್ವರ ಬಂದು ಅಕಾಲದ ಹೆರಿಗೆಗೂ ದಾರಿಯಾಗಬಹುದು. ಸಿಡುಬಿನಂಥ ದದ್ದು ಅಥವಾ ಸೀತಾಳೆ ಸಿಡುಬು ಇದ್ದವರ ಹತ್ತಿರ ಇದ್ದಿರಿ ಎಂದಾದರೆ ಹೋಗುವ ಮೊದಲು ಫೋನ್ ಮಾಡಿ, ಕಾಯುವ ಕೋಣೆಯಲ್ಲಿರುವ ಬೇರೆ ಗರ್ಭಿಣಿಯರಿಗೆ ತಗಲದಿರಲಿ.

ತುರಿಕೆ ಹೊಟ್ಟೆಯ ಚರ್ಮ ಹಿಗ್ಗಿದ್ದರಿಂದ ಬಂದರೆ ಚಿಂತೆಯಿಲ್ಲ. ದದ್ದಿಲ್ಲದೆ ಅಂಗೈ ಅಂಗಾಲುಗಳಲ್ಲಿ, ರಾತ್ರಿ ಹೆಚ್ಚಾಗುವ ತುರಿಕೆಯಾದರೆ ಪಿತ್ತರಸ ರಕ್ತದಲ್ಲಿ ಏರುತ್ತಿರಬಹುದು. ಮಟ್ಟ ತುಂಬ ಏರಿದರೆ ಮಗುವಿಗೆ ಅಪಾಯ. ಒಂದೆರಡು ದಿನದೊಳಗೆ ರಕ್ತ ಪರೀಕ್ಷೆಯಾಗಬೇಕು, ಮುಲಾಮು ಹಚ್ಚಿ ಕಾಯುವುದಲ್ಲ.

ಬಿದ್ದರೆ, ವಾಹನ ಅಪಘಾತವಾದರೆ, ಯಾರಾದರೂ ಹೊಟ್ಟೆಗೆ ಹೊಡೆದಿದ್ದರೆ ನೋವಿಲ್ಲದಿದ್ದರೂ ಹೋಗಿ. ಮಾಸು ಕೆಲವು ಗಂಟೆಗಳ ನಂತರವೂ ಬಿಟ್ಟುಕೊಳ್ಳಬಹುದು. 20 ವಾರ ದಾಟಿದವರನ್ನು ಕನಿಷ್ಠ ನಾಲ್ಕು ಗಂಟೆ ನಿಗಾದಲ್ಲಿಡುವುದು ಅದಕ್ಕೇ. ಮನೆಯಲ್ಲೇ ಹೊಡೆತವಾಗಿದ್ದರೆ ವೈದ್ಯರೊಡನೆ ಒಬ್ಬರೇ ಮಾತಾಡಬೇಕೆಂದು ಕೇಳುವ ಹಕ್ಕು ನಿಮಗಿದೆ.

ಎರಡು ವಾರ ಬಿಡದ ದುಗುಡ, ನಿದ್ದೆಗೇಡು, ಯಾವುದರಲ್ಲೂ ಮನಸ್ಸಿಲ್ಲದಿರುವುದು ವೈದ್ಯರಿಗೆ ಹೇಳಬೇಕಾದ ಕಾಯಿಲೆಯೇ. ಸಾಯಬೇಕೆನಿಸಿದರೆ ಅದು ರಕ್ತಸ್ರಾವದಷ್ಟೇ ತುರ್ತು. ಒಬ್ಬರೇ ಇರಬೇಡಿ, ಈಗಲೇ ಹೋಗಿ.

ಎಲ್ಲಿಗೆ, ಯಾವುದರಲ್ಲಿ

ಹತ್ತಿರದ ಕ್ಲಿನಿಕ್ ಜ್ವರ, ಉರಿಮೂತ್ರ, ಬಿಪಿ ನೋಡುವುದಕ್ಕೆ ಸಾಕು. ರಕ್ತಸ್ರಾವ, ಫಿಟ್ಸ್, ಹಳೆಯ ಸಿಸೇರಿಯನ್ ಇದ್ದಾಗ ಅಲ್ಲಿ ಹೋದರೆ ಅಲ್ಲಿಂದ ಮತ್ತೆ ಕಳಿಸುತ್ತಾರೆ, ಹೊತ್ತು ಹಾಳು. ಶಸ್ತ್ರಕ್ರಿಯಾ ಕೊಠಡಿ, ರಕ್ತ, ಅರಿವಳಿಕೆ ತಜ್ಞರು 24 ಗಂಟೆ ಇರುವ ಆಸ್ಪತ್ರೆ ಯಾವುದೆಂದು ಏಳನೇ ತಿಂಗಳೊಳಗೇ ವಿಚಾರಿಸಿಡಿ. 34 ವಾರಕ್ಕೆ ಮುಂಚಿನ ಹೆರಿಗೆ ನೋವಾದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕವೂ ಬೇಕು. ಹುಟ್ಟಿದ ಮಗುವನ್ನು ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿರುವಾಗಲೇ ತಾಯಿಯನ್ನು ಸಾಗಿಸುವುದು ಸುರಕ್ಷಿತ. ಆದರೆ ದೊಡ್ಡ ಆಸ್ಪತ್ರೆ ಗಂಟೆಗಟ್ಟಲೆ ದೂರವಿದ್ದು ಫಿಟ್ಸ್ ಬರುತ್ತಿದ್ದರೆ ಅಥವಾ ರಕ್ತ ಹರಿಯುತ್ತಿದ್ದರೆ ನಡುವೆ ಸಿಗುವ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು, ಡ್ರಿಪ್ ಹಾಕಿಸಿ, ಮುಂದಿನ ಆಸ್ಪತ್ರೆಗೆ ಅಲ್ಲಿಂದಲೇ ಫೋನ್ ಮಾಡಿಸಿ ಮುಂದುವರಿಯಿರಿ.

ಸ್ವಂತ ವಾಹನವೋ ಆಂಬುಲೆನ್ಸೋ? ಫಿಟ್ಸ್, ಪ್ರಜ್ಞೆ ತಪ್ಪುವುದು, ಜೋರು ರಕ್ತಸ್ರಾವ, ಉಸಿರುಗಟ್ಟುವುದು, ಮಗು ಹೊರಬರುತ್ತಿರುವುದು: ಇವಕ್ಕೆ ಆಂಬುಲೆನ್ಸ್. ಅದು ಬರುವ ಹೊತ್ತಿಗೆ ನಿಮ್ಮ ವಾಹನ ಆಸ್ಪತ್ರೆ ಮುಟ್ಟುವಂತಿದ್ದರೆ ಕಾಯಬೇಡಿ. ಗರ್ಭಿಣಿ ತಾನೇ ಓಡಿಸಬಾರದು, ದ್ವಿಚಕ್ರ ವಾಹನ ಬೇಡ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ಬಿಪಿ ಇಳಿಸುತ್ತದೆ, ಹಾಗಾಗಿ ಎಡಮಗ್ಗುಲು.

ಫೋನಿನಲ್ಲಿ ಏನು ಹೇಳಬೇಕು

ಗಾಬರಿಯಲ್ಲಿ ಮಾತು ಚದುರುತ್ತದೆ. ಈ ಸಾಲುಗಳನ್ನು ಕಾರ್ಡಿನ ಹಿಂದೆ ಬರೆದಿಡಿ: ಎಷ್ಟನೇ ವಾರ, ಎಷ್ಟನೇ ಬಸಿರು, ಏನಾಗಿದೆ, ಎಷ್ಟು ಹೊತ್ತಿನಿಂದ, ರಕ್ತವಾದರೆ ಎಷ್ಟು ಪ್ಯಾಡ್, ಮಗು ಕೊನೆಯ ಸಲ ಅಲುಗಿದ್ದು ಯಾವಾಗ, ಬಿಪಿ, ಜ್ವರದ ಅಂಕಿ, ಹಿಂದಿನ ಸಿಸೇರಿಯನ್, ಮಾಸು ಇರುವ ಜಾಗ, ರಕ್ತದ ಗುಂಪು, ತೆಗೆದುಕೊಳ್ಳುತ್ತಿರುವ ಔಷಧಿ, ಆಗದಿರುವ ಔಷಧಿ, ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ. ಸಾಧ್ಯವಿದ್ದರೆ ಗರ್ಭಿಣಿಯೇ ಮಾತಾಡಲಿ. ಅವಳ ಉಸಿರು, ನೋವಿಗೆ ಮಾತು ತಡೆಯುವುದು ಎಲ್ಲವನ್ನೂ ದಾದಿ ಆ ಕಡೆಯಿಂದ ಕೇಳಿಸಿಕೊಳ್ಳುತ್ತಾರೆ. ಬಂದ ಉತ್ತರಕ್ಕೆ ಒಂದು ಮರುಪ್ರಶ್ನೆ ಹಾಕಿ: "ಏನಾದರೆ, ಎಷ್ಟು ಹೊತ್ತಿನೊಳಗೆ ಬರಬೇಕು?" ಆಸ್ಪತ್ರೆಯಿಂದ ಮನೆಗೆ ಕಳಿಸುವಾಗಲೂ ಇದೇ ಪ್ರಶ್ನೆ.

ಅಷ್ಟರಲ್ಲಿ ಮನೆಯಲ್ಲಿ ಕೊಡಬಹುದಾದ ನೋವಿನ ಮಾತ್ರೆ ಪ್ಯಾರಾಸಿಟಮಾಲ್ ಒಂದೇ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಬೇಡ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೂ, ಕೊನೆಯ ತಿಂಗಳುಗಳಲ್ಲಿ ಹೃದಯದ ಹತ್ತಿರದ ರಕ್ತನಾಳಕ್ಕೂ ತೊಂದರೆ ಮಾಡುತ್ತವೆ.

ಹೆರಿಗೆಯಾದ ಮೇಲಿನ ಆರು ವಾರ

ಮಗು ಕೈಗೆ ಬಂದ ಮೇಲೆ ಎಲ್ಲರ ಕಣ್ಣೂ ಮಗುವಿನ ಮೇಲೆ. ಬಾಣಂತಿಯ ಅಪಾಯಗಳು ಮಾತ್ರ ಇನ್ನೂ ಮುಗಿದಿರುವುದಿಲ್ಲ. ಪ್ರಿಎಕ್ಲಾಂಪ್ಸಿಯಾ ಹೆರಿಗೆಯ ನಂತರವೂ ಹೊಸದಾಗಿ ಬರಬಹುದು, ಬಸಿರಿನಲ್ಲಿ ಬಿಪಿ ಸರಿಯಿದ್ದವರಿಗೂ. ತಲೆನೋವು, ಕಣ್ಣುಮಂಜು, ಎದೆಗೂಡಿನ ಕೆಳಗಿನ ನೋವಿಗೆ ಮೇಲಿನ ಲೆಕ್ಕವೇ ಅನ್ವಯ. ಗಂಟೆಗೆ ಒಂದು ಪ್ಯಾಡ್ ನೆನೆದರೆ, ನಿಂಬೆಹಣ್ಣಿಗಿಂತ ದೊಡ್ಡ ಹೆಪ್ಪು ಬಿದ್ದರೆ ಈಗಲೇ. ಜ್ವರದ ಜೊತೆ ಕೆಟ್ಟ ವಾಸನೆಯ ಸ್ರಾವ, ಕಿಬ್ಬೊಟ್ಟೆ ನೋವು, ಹೊಲಿಗೆಯಲ್ಲಿ ಕೀವು ಕಂಡರೆ ಅದೇ ದಿನ. ಅದರೊಟ್ಟಿಗೆ ಮಂಕು ಕವಿದರೆ, ಉಸಿರಾಟ ಜೋರಾದರೆ ಈಗಲೇ. ಇಲ್ಲದ್ದು ಕಾಣುವುದು, ಇಲ್ಲದ ಮಾತು ಕೇಳುವುದು, ದಿನಗಟ್ಟಲೆ ನಿದ್ದೆಯಿಲ್ಲದಿದ್ದರೂ ದಣಿವೇ ಇಲ್ಲದಂತಿರುವುದು ಬಾಣಂತಿಯ ಮನೋವಿಕಾರದ ಚಿಹ್ನೆಗಳು. ತಾಯಿಯನ್ನೂ ಮಗುವನ್ನೂ ಒಬ್ಬಂಟಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ವೈದ್ಯರ ಹತ್ತಿರ ಹೋದರೂ, ಕಣ್ಣಿನ ಅಥವಾ ಹಲ್ಲಿನ ವೈದ್ಯರಾದರೂ ಸರಿ, ಮೊದಲ ಮಾತು "ನನಗೆ ಹೆರಿಗೆಯಾಗಿ ಇಷ್ಟು ದಿನವಾಯಿತು" ಎಂದಿರಲಿ.